ಟಾಮ್ ಹ್ಯಾಂಕ್ಸ್, ಮೆಗ್ ರಯಾನ್ ಗಂಡ ಹೆಂಡತಿಯಲ್ಲ

‘ಇವರಿಬ್ಬರೂ ನಿಜಜೀವನದಲ್ಲೂ ಜೋಡಿ, ಅದಕ್ಕೇ ತೆರೆಯ ಮೇಲೆ ಅಷ್ಟು ಚೆನ್ನಾಗಿ ಹೊಂದುತ್ತಾರೆ’ ಎಂಬ ಮಾತು ಹಾಲಿವುಡ್ ನಟರಾದ ಟಾಮ್ ಹ್ಯಾಂಕ್ಸ್, ಮೆಗ್ ರಯಾನ್ ಫೋಟೊ ಜೊತೆ ಓಡಾಡುತ್ತಿದೆ. ಅದು ತಪ್ಪು. ಹ್ಯಾಂಕ್ಸ್ 1988ರಲ್ಲಿ ನಟಿ ರೀಟಾ ವಿಲ್ಸನ್ ಅವರನ್ನು ಮದುವೆಯಾದರು. ರಯಾನ್ 1991ರಲ್ಲಿ ನಟ ಡೆನಿಸ್ ಕ್ವೇಡ್ ಅವರನ್ನು ಮದುವೆಯಾಗಿ, ಆಮೇಲೆ ಬೇರೆಯಾದರು.

ತಮಾಷೆ ಏನು ಗೊತ್ತಾ? ಹ್ಯಾಂಕ್ಸ್, ರಯಾನ್ ಜೋಡಿಯಾಗಿ ನಟಿಸಿದ 1993ರ ಚಿತ್ರ ‘ಸ್ಲೀಪ್‌ಲೆಸ್ ಇನ್ ಸಿಯಾಟಲ್’ನಲ್ಲಿ ಹ್ಯಾಂಕ್ಸ್ ಸೋದರಿಯ ಪಾತ್ರ ಮಾಡಿದ್ದೇ ಈ ರೀಟಾ!

ಇನ್ನೊಂದು ವಿಷಯ. ಆ ಚಿತ್ರದಲ್ಲಿ ನಾಯಕ ನಾಯಕಿ ಒಟ್ಟಿಗೆ ಕಾಣುವುದೇ ಕೆಲವು ನಿಮಿಷ. ಅವನು ಅಮೆರಿಕದ ಪಶ್ಚಿಮ ತುದಿಯ ಸಿಯಾಟಲ್‌ನಲ್ಲಿ, ಅವಳು ಪೂರ್ವ ತುದಿಯ ಬಾಲ್ಟಿಮೋರ್‌ನಲ್ಲಿ. ಅವಳು ರೇಡಿಯೊದಲ್ಲಿ ಅವನ ದನಿ ಕೇಳುತ್ತಾಳೆ. ಸರಿಯಾಗಿ ಭೇಟಿಯಾಗುವುದು ಕೊನೆಗೆ, ನ್ಯೂಯಾರ್ಕ್‌ನ ಎಂಪೈರ್ ಸ್ಟೇಟ್ ಕಟ್ಟಡದ ಮೇಲೆ. ಅಂದರೆ ನಾವು ‘ಕೆಮಿಸ್ಟ್ರಿ’ ಅನ್ನುವುದರಲ್ಲಿ ಅರ್ಧ ನಿರ್ದೇಶಕಿ ನೋರಾ ಎಫ್ರಾನ್ ಅವರ ಕೈಚಳಕ: ಇಬ್ಬರನ್ನೂ ದೂರ ಇಟ್ಟು, ಯಾವಾಗ ಸೇರುತ್ತಾರೋ ಅಂತ ನಮ್ಮನ್ನು ಕಾಯಿಸಿದ್ದು. ಉಳಿದದ್ದು ನಟನೆ. ಅದಕ್ಕೆ ಪ್ರೀತಿಯೇ ಬೇಕು ಅಂದರೆ ನಟರ ಕೆಲಸಕ್ಕೆ ಬೆಲೆ ಇಲ್ಲದ ಹಾಗಾಯಿತು, ಅಲ್ವಾ?