ಮಗ ಬರಬಹುದು, ಮಗನ ಗಂಡ ಬರುವ ಹಾಗಿಲ್ಲ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಯಾವ ಮನೆ ಊಟಕ್ಕೆ ಹೋದರೂ ಇದೇ ಮಾತು. ಮಕ್ಕಳೆಲ್ಲ ಹೊರಗೆ, ಅಡಿಕೆ ತೋಟದ ಮನೆಯಲ್ಲಿ ವಯಸ್ಸಾದವರಿಬ್ಬರೇ. ಎಲೆಚುಕ್ಕಿ ರೋಗಕ್ಕೆ ಔಷಧಿ ಹೊಡೆಸೋಣ ಅಂದರೆ ಜನ ಸಿಗುವುದಿಲ್ಲ. ಹೀಗಿರುವಾಗ ಬರುತ್ತೇನೆ ಅನ್ನುವ ಮಗನಿಗೂ ನಮ್ಮ ಕಾನೂನೇ ಅಡ್ಡ ನಿಂತರೆ ಹೇಗೆ?

ನನ್ನ ಚಿಕ್ಕಪ್ಪನ ಮಗ ಕೆನಡಾದ ಪ್ರಜೆ. ಅಲ್ಲಿಯ ಹುಡುಗನನ್ನೇ ಮದುವೆಯಾಗಿದ್ದಾನೆ. ಆ ದೇಶದಲ್ಲಿ 2005ರಿಂದ ಇಂಥ ಮದುವೆಗೆ ಎಲ್ಲ ಕಡೆ ಮಾನ್ಯತೆ ಇದೆ. ನಮ್ಮ ಹುಡುಗನ ಹತ್ತಿರ ಒಸಿಐ ಕಾರ್ಡ್ (ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಸರ್ಕಾರ ಕೊಡುವ ಕಾರ್ಡ್) ಇದೆ, ಊರಿಗೆ ಬಂದು ಎಷ್ಟು ವರ್ಷ ಬೇಕಾದರೂ ಇರಬಹುದು. ತೋಟ ಕೊಳ್ಳುವ ಹಾಗಿಲ್ಲ, ಆದರೆ ಅಪ್ಪನದು ಪಾಲಿಗೆ ಬಂದರೆ ತೊಂದರೆಯಿಲ್ಲ. ಅವನ ಗಂಡನ ಗತಿ? ಟೂರಿಸ್ಟ್ ವೀಸಾದಲ್ಲಿ ಬಂದು ಜೋಗ ನೋಡಿಕೊಂಡು ಹೋಗಬೇಕು, ಅಷ್ಟೇ.

ಮದುವೆ ನೋಂದಣಿಯಾಗಿ ಎರಡು ವರ್ಷ ದಾಟಿದ್ದರೆ ವಿದೇಶಿ ಸಂಗಾತಿಗೂ ಒಸಿಐ ಕೊಡಬಹುದು ಎನ್ನುತ್ತದೆ ಪೌರತ್ವ ಕಾಯ್ದೆ. ಒಂದು ಗಂಡು ಒಂದು ಹೆಣ್ಣೇ ಆಗಿರಬೇಕು ಅಂತ ಆ ಕಲಂನಲ್ಲಿ ಇಲ್ಲ. ನ್ಯೂಯಾರ್ಕಿನಲ್ಲಿ ಮದುವೆಯಾದ ಜೋಡಿಯೊಂದು ಇದನ್ನೇ ಹಿಡಿದು ದೆಹಲಿ ಹೈಕೋರ್ಟಿಗೆ ಹೋಗಿತ್ತು. ಕೊನೆಗೆ ಎಲ್ಲ ಅರ್ಜಿಗಳೂ ಸುಪ್ರೀಂ ಕೋರ್ಟ್ ಸೇರಿದವು. 2023ರ ಅಕ್ಟೋಬರ್ 17ರಂದು ಐವರು ನ್ಯಾಯಮೂರ್ತಿಗಳ ಪೀಠ, ಮದುವೆಯ ಕಾನೂನು ಬದಲಿಸುವುದು ಸಂಸತ್ತಿನ ಕೆಲಸ ಎಂದಿತು. 2025ರ ಜನವರಿಯಲ್ಲಿ ಮರುಪರಿಶೀಲನಾ ಅರ್ಜಿಗಳೂ ಬಿದ್ದುಹೋದವು.

ಅಮೆರಿಕದಲ್ಲಿ ಏನಾಯಿತು ನೋಡಿ. ಎಡಿತ್ ವಿಂಡ್ಸರ್ ಎಂಬ ಅಜ್ಜಿ ತನ್ನ ಸಂಗಾತಿ ಥಿಯಾ ಸ್ಪೈಯರ್‌ರನ್ನು 2007ರಲ್ಲಿ ಟೊರೊಂಟೊದಲ್ಲಿ ಮದುವೆಯಾಗಿದ್ದರು. ಥಿಯಾ ತೀರಿಕೊಂಡ ಮೇಲೆ ಸರ್ಕಾರ ಆಸ್ತಿಗೆ 3,63,053 ಡಾಲರ್ ತೆರಿಗೆ ಹಾಕಿತು. ಗಂಡ ಸತ್ತಿದ್ದರೆ ಅದು ಬೀಳುತ್ತಲೇ ಇರಲಿಲ್ಲ. 2013ರ ಜೂನ್ 26ರಂದು ಅಲ್ಲಿಯ ಸುಪ್ರೀಂ ಕೋರ್ಟಿನಲ್ಲಿ ಅವರು ಗೆದ್ದರು, ಕೇಂದ್ರ ಸರ್ಕಾರದ ಲೆಕ್ಕದಲ್ಲಿ ಮದುವೆ ಅಂದರೆ ಗಂಡು-ಹೆಣ್ಣಿನದ್ದು ಮಾತ್ರ ಎಂಬ ಕಲಂ ಬಿದ್ದುಹೋಯಿತು. ವಲಸೆ ಕಾನೂನಿನ ಒಂದು ಅಕ್ಷರವೂ ಬದಲಾಗಲಿಲ್ಲ. ಆದರೂ ಕೆಲವೇ ದಿನಗಳಲ್ಲಿ ಇಂಥ ಜೋಡಿಗಳಿಗೆ ಗ್ರೀನ್ ಕಾರ್ಡ್ ದಾರಿ ತೆರೆಯಿತು. ಮದುವೆಯನ್ನು ಮದುವೆ ಅಂತ ಒಪ್ಪಿಕೊಂಡರೆ ವೀಸಾ ತಾನಾಗಿಯೇ ಹಿಂದೆ ಬರುತ್ತದೆ, ಅಲ್ವಾ?

ಇದು ನಮ್ಮ ಪದ್ಧತಿಯಲ್ಲ ಅನ್ನುವವರಿದ್ದಾರೆ. ನಮ್ಮ ಚಿಕ್ಕಮ್ಮನಿಗೂ ಮೊದಲು ಹಾಗೇ ಅನಿಸಿತ್ತು, ತುಂಬಾ ಅತ್ತಿದ್ದರು. ಈಗ ಅವರು ಕೇಳುವುದು, "ಮಾಣಿ ಒಬ್ಬನೇ ಬಂದು ಇಲ್ಲಿ ಏನು ಮಾಡ್ತಾನೆ? ಅವನ ಜೊತೆಗಿರೋನೂ ಬರ್ಲಿ." ಇದಕ್ಕಿಂತ ದೊಡ್ಡ ಪದ್ಧತಿ ನನಗೆ ಗೊತ್ತಿಲ್ಲ.

ಮದುವೆ ಕಾನೂನಿನ ಜಗಳ ಇನ್ನೂ ಎಷ್ಟು ವರ್ಷ ಹಿಡಿಯುತ್ತದೋ. ಅಲ್ಲಿವರೆಗೆ, ಬೇರೆ ದೇಶದಲ್ಲಿ ಕಾನೂನುಬದ್ಧವಾಗಿ ಆದ ಮದುವೆಗೆ ಒಸಿಐ ಮಟ್ಟಿಗಾದರೂ ಬೆಲೆ ಕೊಡಿ. ಅಡಿಕೆ ಆಮದಿನ ಬಗ್ಗೆ ಸಂಸದರಿಗೆ ಮನವಿ ಕೊಡಲು ಹೋಗುವವರು ಇದನ್ನೂ ಒಂದು ಸಾಲು ಸೇರಿಸಿ, ದಯವಿಟ್ಟು.