ನಂಬಿದ ಮೇಲೆ ಲೆಕ್ಕ ಕೇಳಬಾರದೇ?

"ನಂಬಿಕೆಯ ವಿಷಯದಲ್ಲಿ ವಾದ ಬೇಡ" ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಹಾಗೆ ಹೇಳುವವರು ನಂಬಿಕೆಯನ್ನು ಕಾಪಾಡುತ್ತಿದ್ದೇವೆ ಎಂದುಕೊಳ್ಳುತ್ತಾರೆ. ನನಗೆ ಅದು ನಂಬಿಕೆಗೇ ಮಾಡುವ ಅವಮಾನವಾಗಿ ಕಾಣುತ್ತದೆ.

ನಾನು ದೇವರನ್ನು ನಂಬುವವನಲ್ಲ. ಕಲಬುರಗಿ ಗಂಜಿನಲ್ಲಿ, ಅಂದರೆ ಧಾನ್ಯದ ಮಾರುಕಟ್ಟೆಯಲ್ಲಿ, ನಾನು ಲೆಕ್ಕ ಬರೆಯುವ ಅಡತ್ (ದಲಾಲಿ) ಅಂಗಡಿಯಲ್ಲೇ ಮಾಲು ನೋಡುವ ಹಿರಿಯರೊಬ್ಬರು ಕಥೋಲಿಕರು. ಭಾನುವಾರದ ಪೂಜೆ ತಪ್ಪಿಸುವವರಲ್ಲ. ನನಗೆ ಅವರು ಅಣ್ಣ, ಅವರಿಗೆ ನಾನು ತಮ್ಮ. ಕ್ರಿಸ್ಮಸ್ ಕಳೆದ ವಾರ, ತೊಗರಿಯ ಆವಕ ಜೋರಾಗಿದ್ದ ದಿನ, ಸಂಜೆ ಚಹಾ ಬಂದಾಗ ಅವರ ನಂಬಿಕೆಯ ಬಗ್ಗೆ ನಾನೇ ಮಾತು ತೆಗೆದೆ.

ಇಂಗ್ಲೆಂಡಿನ ಗಣಿತಜ್ಞ ವಿಲಿಯಂ ಕ್ಲಿಫರ್ಡ್ 1877ರಲ್ಲಿ ಬರೆದ ಮಾತೊಂದು ನನ್ನ ಮನಸ್ಸಿನಲ್ಲಿ ಬೇರೂರಿದೆ: ಸಾಕಷ್ಟು ಸಾಕ್ಷ್ಯವಿಲ್ಲದೆ ಏನನ್ನೇ ಆಗಲಿ ನಂಬುವುದು ತಪ್ಪು, ಯಾರೇ ನಂಬಲಿ. ಅವನು ಕೊಡುವ ಉದಾಹರಣೆ ಹಡಗಿನ ಮಾಲೀಕನದು. ಹಡಗು ಹಳೆಯದು, ರಿಪೇರಿ ಬೇಕೇನೋ ಎಂಬ ಅನುಮಾನ ಒಳಗೇ ಕೊರೆಯುತ್ತಿರುತ್ತದೆ. ದೈವ ಕಾಪಾಡುತ್ತದೆ ಎಂದು ಮನಸ್ಸನ್ನು ಒಪ್ಪಿಸಿಕೊಂಡು ಜನರನ್ನು ಹತ್ತಿಸಿ ಕಳಿಸುತ್ತಾನೆ. ಹಡಗು ಮುಳುಗುತ್ತದೆ. ಮುಳುಗದೆ ದಡ ಸೇರಿದ್ದರೂ ಅವನು ತಪ್ಪಿತಸ್ಥನೇ ಎನ್ನುತ್ತಾನೆ ಕ್ಲಿಫರ್ಡ್. ಮಗುವಿಗೆ ಜ್ವರ ಬಂದರೆ ದವಾಖಾನೆ ಬಿಟ್ಟು ತಾಯಿತ ಕಟ್ಟಿಸುವವರನ್ನು ಕಂಡಾಗಲೆಲ್ಲ ನನಗೆ ಆ ಹಡಗು ನೆನಪಾಗುತ್ತದೆ.

ಅಣ್ಣ ಎದ್ದು ಕಬ್ಬಿಣದ ಕೊಳವೆಯನ್ನು ಒಂದು ಚೀಲಕ್ಕೆ ಚುಚ್ಚಿ, ಹೊರಬಂದ ತೊಗರಿಯನ್ನು ನನ್ನ ಅಂಗೈಗೆ ಸುರಿದರು. ಕೆಂಪು ಕಾಳು, ಸ್ವಲ್ಪ ಮಣ್ಣಿನ ಪುಡಿ, ಹುಳು ಕೊರೆದ ಒಂದೆರಡು.

"ಈ ಹಿಡಿ ನೋಡಿ ಇಡೀ ರಾಶಿಗೆ ದರ ಕಟ್ಟುತ್ತೇವೆ. ಎಲ್ಲ ಚೀಲ ಸುರಿದು ನೋಡಿದವರುಂಟೇ ತಮ್ಮಾ?"

"ಇಲ್ಲ ಅಣ್ಣಾ. ಆದರೆ ಅಡಿಯಲ್ಲಿ ಕಲ್ಲು ಸಿಕ್ಕರೆ ದರ ಇಳಿಸುತ್ತೀರಿ. ಏನು ಕಂಡರೆ ನಿಮ್ಮ ವಿಶ್ವಾಸದ ದರ ಇಳಿಯುತ್ತದೆ?"

ಈ ಪ್ರಶ್ನೆ ಕೇಳುವ ಹಕ್ಕು ನನಗೆ ಅವರ ಧರ್ಮಸಭೆಯಿಂದಲೇ, ಅಂದರೆ ಕಥೋಲಿಕ ಚರ್ಚಿನಿಂದಲೇ, ಬಂದಿದೆ ಎಂಬುದು ನನ್ನ ವಾದ. ಸೃಷ್ಟಿಯನ್ನು ನೋಡಿ ಮನುಷ್ಯ ತನ್ನ ಬುದ್ಧಿಯ ಬೆಳಕಿನಲ್ಲೇ ದೇವರಿದ್ದಾನೆಂದು ಖಚಿತವಾಗಿ ತಿಳಿಯಬಲ್ಲ ಎಂದು ಆ ಚರ್ಚಿನ ಬಿಷಪ್ಪರು ಸೇರಿದ್ದ ಮೊದಲನೆಯ ವ್ಯಾಟಿಕನ್ ಮಹಾಸಭೆ 1870ರಲ್ಲಿ ಘೋಷಿಸಿತು. ತ್ರಿತ್ವದಂಥ (ಒಬ್ಬನೇ ದೇವರಲ್ಲಿ ತಂದೆ, ಮಗ, ಪವಿತ್ರಾತ್ಮ ಎಂಬ ಮೂವರು) ರಹಸ್ಯಗಳು ದೇವರೇ ತಿಳಿಸಿದ್ದರಿಂದ ತಿಳಿದವು ಎನ್ನುತ್ತಾರೆ, ಅದು ಬೇರೆ ಮಾತು. ಆದರೆ ಬುದ್ಧಿಯನ್ನು ಸಾಕ್ಷಿಕಟ್ಟೆಗೆ ಕರೆದವರು, ಅದು ತಮ್ಮ ವಿರುದ್ಧ ನುಡಿದರೂ ಕೇಳಿಸಿಕೊಳ್ಳಬೇಕು. ಗೆದ್ದಾಗ ಬುದ್ಧಿ, ಸೋತಾಗ ರಹಸ್ಯ ಎಂದರೆ ನ್ಯಾಯವಲ್ಲ. ನಿಮ್ಮ ಭರವಸೆಗೆ ಕಾರಣವೇನೆಂದು ಕೇಳಿದವರಿಗೆ ಉತ್ತರಿಸಲು ಸದಾ ಸಿದ್ಧರಾಗಿರಿ ಎಂದು ಬೈಬಲಿನಲ್ಲಿರುವ ಪೇತ್ರನ ಮೊದಲ ಪತ್ರದಲ್ಲೇ ಇದೆ. ಅದೂ ಸೌಮ್ಯವಾಗಿ, ಗೌರವದಿಂದ.

ಅಣ್ಣ ಇದನ್ನು ಅಲ್ಲಗಳೆಯಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ದರ ಒಮ್ಮೆ ಇಳಿದಿತ್ತು" ಎಂದರು.

ಅವರ ಅವ್ವ ಹಾಸಿಗೆ ಹಿಡಿದಾಗ ರಾತ್ರಿಯೆಲ್ಲ ಜಪ ಮಾಡಿದ್ದರಂತೆ. ಅವ್ವ ಉಳಿಯಲಿಲ್ಲ. ಎರಡು ವರ್ಷ ಚರ್ಚಿನ ಮೆಟ್ಟಿಲು ಹತ್ತಲಿಲ್ಲ. ಹೀಗೆ ಹೇಳುತ್ತ ಜೇಬಿನಿಂದ ಜಪಮಾಲೆ ತೆಗೆದರು. ಕಟ್ಟಿಗೆಯ ಮಣಿಗಳು ಸವೆದು ನುಣುಪಾಗಿವೆ. ಒಂದು ಮಣಿ ಉದುರಿದ ಕಡೆ ಅವ್ವ ಬಿಳಿ ದಾರದಿಂದ ಗಂಟು ಹಾಕಿದ್ದಾಳೆ. ಬೆರಳು ಅಲ್ಲಿಗೆ ಬಂದಾಗಲೂ ಒಂದು ಪ್ರಾರ್ಥನೆ ಹೇಳಬೇಕು. "ಒಂದು ರಾತ್ರಿ ಪೆಟ್ಟಿಗೆಯಲ್ಲಿ ಇದು ಸಿಕ್ಕಿತು. ಎಣಿಸುತ್ತ ಕುಳಿತೆ. ಆ ಗಂಟಿನ ಹತ್ತಿರ ಯಾರೋ ಕೇಳಿಸಿಕೊಳ್ಳುತ್ತಿದ್ದಾರೆ ಅನಿಸಿತು. ಮರು ಭಾನುವಾರ ಪೂಜೆಗೆ ಹೋದೆ."

ನನ್ನ ಗಂಟಲು ಕಟ್ಟಿತು. ಆದರೂ ಹೇಳಬೇಕಾದದ್ದನ್ನು ಹೇಳಿದೆ. ಅಗಲಿದ ತಾಯಿಯ ವಸ್ತು ಕೈಗೆ ಸಿಕ್ಕರೆ ಯಾರಿಗಾದರೂ ಹಾಗೆ ಅನಿಸೀತು. ಅನಿಸಿದ್ದು ನಿಜ, ಅದರಿಂದ ದೇವರು ಇದ್ದಾನೆಂದು ಸಿದ್ಧವಾಗುವುದಿಲ್ಲ. ಅವರ ದುಃಖಕ್ಕೆ ಮರುಗಿ ಈ ಮಾತನ್ನು ನುಂಗಿದ್ದರೆ ಅವರನ್ನು ಸಣ್ಣ ಮಗುವಿನಂತೆ ನೋಡಿದ ಹಾಗಾಗುತ್ತಿತ್ತು.

"ನಿನಗೆ ಸಾಕ್ಷ್ಯವಾಗಲಿ ಎಂದು ಹೇಳಲಿಲ್ಲ ತಮ್ಮಾ. ಕಾರಣ ಕೇಳಿದೆ, ಹೇಳಿದೆ" ಎಂದರು. ಅಷ್ಟು ನೇರವಾದ ಉತ್ತರವನ್ನು ನಾನು ಯಾವ ಭಕ್ತರಿಂದಲೂ ಕೇಳಿರಲಿಲ್ಲ.

ಯೇಸುವಿನ ಶಿಷ್ಯ ತೋಮನ ಮಾತು ಇನ್ನೂ ಬಾಕಿ ಇದೆ. ಶಿಲುಬೆಯಲ್ಲಿ ಸತ್ತ ಯೇಸು ಎದ್ದುಬಂದಿದ್ದಾನೆ ಎಂದಾಗ, ಮೊಳೆಯ ಗಾಯ ಮುಟ್ಟದೆ ನಂಬುವುದಿಲ್ಲ ಎಂದವನನ್ನು ಯೇಸು ಓಡಿಸಲಿಲ್ಲ, ಎಂಟು ದಿನದ ಮೇಲೆ ಬಂದು ಬೆರಳಿಟ್ಟು ನೋಡು ಎಂದ. ಅವನಿಗೆ ಸಿಕ್ಕ ಅವಕಾಶ ನಮಗೇಕೆ ಇಲ್ಲ ಎಂದು ಅಣ್ಣನನ್ನು ಕೇಳಿದ್ದೇನೆ. ಭಾನುವಾರ ಪೂಜೆ ಮುಗಿಸಿಕೊಂಡು ಮನೆಗೆ ಬರುತ್ತೇನೆ, ಕುಳಿತು ಮಾತಾಡೋಣ ಎಂದಿದ್ದಾರೆ.