ಮುಳುಗುತ್ತಲೂ ಇರಬೇಕು, ಈಜುತ್ತಲೂ ಇರಬೇಕು

ಅಮೆರಿಕದಲ್ಲಿ ಸಣ್ಣ ವ್ಯಾಪಾರಿಗಳಿಗೆ ಸಾಲ ಕೊಡಲು ಸುತ್ತುನಿಧಿ ಅಂತ ಒಂದಿದೆ. ಸರ್ಕಾರ ಒಂದು ಊರಿಗೋ ಪ್ರದೇಶಕ್ಕೋ ಇಡಿಗಂಟು ಕೊಡುತ್ತದೆ. ಅದನ್ನು ಸಾಲ ಕೊಡಬೇಕು, ವಾಪಸ್ ಬಂದ ಕಂತು, ಬಡ್ಡಿ ಸೇರಿಸಿ ಮತ್ತೊಬ್ಬರಿಗೆ ಕೊಡಬೇಕು. ದುಡ್ಡು ಸುತ್ತುತ್ತದೆ, ವ್ಯಾಪಾರ ಬೆಳೆಯುತ್ತದೆ, ನಾಲ್ಕು ಜನಕ್ಕೆ ಕೆಲಸ ಸಿಗುತ್ತದೆ. ಯೋಚನೆ ನಿಜವಾಗ್ಲೂ ಚೆನ್ನಾಗಿದೆ. ನನ್ನ ತಕರಾರು ಇರೋದು ದುಡ್ಡಿನ ಹಿಂದೆ ಸುತ್ತುವ ಫೈಲಿನ ಮೇಲೆ.

ಒಬ್ಬ ಬಡಗಿಗೆ ಹೊಸ ಗರಗಸದ ಮಷಿನ್ ಬೇಕು ಅಂದ್ಕೊಳ್ಳಿ. ಮೊದಲು ಅವನು ಬ್ಯಾಂಕಿಗೆ ಹೋಗಬೇಕು. ಸಾಲಕ್ಕಲ್ಲ, ಸಾಲ ಕೊಡಲ್ಲ ಅನ್ನಿಸಿಕೊಳ್ಳೋಕೆ. ಬೇರೆಲ್ಲೂ ಸಾಲ ಹುಟ್ಟಲಿಲ್ಲ ಅಂತ ತೋರಿಸಿದರೇ ಇಲ್ಲಿ ಬಾಗಿಲು ತೆರೆಯೋದು, ಎಷ್ಟೋ ಕಡೆ ಬ್ಯಾಂಕಿನವರು ಇಲ್ಲ ಅಂದ ಪತ್ರವನ್ನೇ ಕೇಳುತ್ತಾರೆ. ಪಾಪ, ಮ್ಯಾನೇಜರ್ ಮುಂದೆ ನಿಂತು "ದಯವಿಟ್ಟು ಇಲ್ಲ ಅನ್ನಿ, ಬಾಯಲ್ಲಿ ಬೇಡ, ಸೀಲು ಹಾಕಿ ಅನ್ನಿ" ಅಂತ ಅಂಗಲಾಚಬೇಕು. ಮ್ಯಾನೇಜರ್ ಎಲ್ಲಾದರೂ ಕರಗಿ ಹೂಂ ಅಂದುಬಿಟ್ಟರೆ ಕೆಲಸ ಕೆಟ್ಟಿತು.

ಇನ್ನು ಅರ್ಜಿ. ಮೂರನೇ ಪುಟದಲ್ಲಿ ಬಡಗಿ ಅಳಬೇಕು: ಈ ಸಾಲ ಬರದಿದ್ದರೆ ಇಬ್ಬರು ಕೆಲಸದವರನ್ನು ಮನೆಗೆ ಕಳಿಸ್ತೀನಿ, ಇಗೋ ದಾಖಲೆ. ಯಾಕಂದ್ರೆ ಉಳಿಸಿದ ಕೆಲಸವೂ ಸಾಧನೆಯ ಲೆಕ್ಕಕ್ಕೆ ಬರುತ್ತದೆ. ಏಳನೇ ಪುಟದಲ್ಲಿ ಅದೇ ಬಡಗಿ, ಅದೇ ಪೆನ್ನು, ಮೀಸೆ ತಿರುವಬೇಕು: ವ್ಯಾಪಾರ ಭರ್ಜರಿ, ಕಂತು ಒಂದು ದಿನವೂ ತಪ್ಪಲ್ಲ. ಎರಡೂ ಪುಟಕ್ಕೆ ಸಹಿ ಒಬ್ಬನದೇ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಅಂತಾರಲ್ಲ, ಇಲ್ಲಿ ಇಸ್ಕೊಳ್ಳೋಕೆ ಮೊದಲೇ ಕೋಡಂಗಿ ಆಗಬೇಕು.

ಕೆಲಸ ಎಣಿಸೋದು ಇನ್ನೂ ಮಜಾ. ವಸತಿ ಮತ್ತು ನಗರಾಭಿವೃದ್ಧಿ ಇಲಾಖೆಯ ಅನುದಾನದಿಂದ ನಡೆಯುವ ಸಾಲವಾದರೆ, ಒಟ್ಟು ಲೆಕ್ಕದಲ್ಲಿ 35,000 ಡಾಲರಿಗೆ ಕನಿಷ್ಠ ಒಂದು ಪೂರ್ತಿ ಕೆಲಸ ಹುಟ್ಟಬೇಕು, ಇಲ್ಲಾ ಉಳಿಯಬೇಕು. ಅರ್ಧ ಹೊತ್ತು ಬರುವ ಇಬ್ಬರನ್ನು ಅಂಟಿಸಿದರೆ ಒಬ್ಬ. ಬಡಗಿ ಬೆಳಿಗ್ಗೆಗೊಬ್ಬ, ಮಧ್ಯಾಹ್ನಕ್ಕೊಬ್ಬನನ್ನು ಇಟ್ಟುಕೊಂಡ ಅನ್ನಿ. ಸಂಬಳ ತಗೊಳ್ಳೋದು ಎರಡು ಮನೆ, ವರದಿಯಲ್ಲಿ ಒಂದೇ ತಲೆ. ಮಧ್ಯಾಹ್ನದವನು ಕೆಲಸ ಬಿಟ್ಟ ದಿನ ಬೆಳಿಗ್ಗೆಯವನು 0.5 ಆಗಿ ಉಳಿಯುತ್ತಾನೆ. ಆಸಾಮಿಗೆ ಗೊತ್ತೂ ಇರಲ್ಲ.

ಆದರೆ ನನಗೆ ತುಂಬಾ ಇಷ್ಟವಾದದ್ದು ಆರ್ಥಿಕಾಭಿವೃದ್ಧಿ ಆಡಳಿತದ್ದು, ಅಂದ್ರೆ ಇಡಿಎ. ಈ ನಿಧಿಗಳನ್ನು 1970ರ ದಶಕದಿಂದ ಸಾಕುತ್ತಿರುವ ಕೇಂದ್ರ ಸಂಸ್ಥೆ. ಕೆಲ ವರ್ಷಗಳ ಹಿಂದಿನವರೆಗೂ ಅವರದೊಂದು ನಿಯಮ ಇತ್ತು: ನಿಧಿಯ ನೂರಕ್ಕೆ 75 ಭಾಗ ಸದಾ ಸಾಲವಾಗಿ ಹೊರಗಿರಬೇಕು. ಜಾಸ್ತಿ ಹಣ ಸುಮ್ನೆ ಕೂತರೆ ತಪ್ಪು. ಅದಕ್ಕೆ ಶಿಕ್ಷೆ ಏನು ಗೊತ್ತಾ? ಹೆಚ್ಚಾದ ಹಣವನ್ನು ಬೇರೆ ಖಾತೆಯಲ್ಲಿ ಕಟ್ಟಿಹಾಕಿ, ಅದರ ಬಡ್ಡಿಯಲ್ಲಿ ಸರ್ಕಾರದ ಪಾಲು ಕಳಿಸಿ. ಓಡಲಿಲ್ಲ ಅಂತ ಎತ್ತಿನ ಕಾಲಿಗೆ ಹಗ್ಗ ಬಿಗಿದ ಹಾಗೆ. ಆಮೇಲೆ ಆ ಲೆಕ್ಕ ಬದಲಾಯಿಸಿದರು, ಪುಣ್ಯ.

ವರದಿಗಳಂತೂ ಮುಗಿಯುವ ಮಾತೇ ಇರಲಿಲ್ಲ. ಕೊಟ್ಟ ದುಡ್ಡು ಹತ್ತಾರು ಸಲ ಹೋಗಿ ಬಂದಿರುತ್ತದೆ, ಸಾಲ ತೀರಿಸಿದ ಬಡಗಿ ಅಂಗಡಿ ಮಗನಿಗೆ ಬಿಟ್ಟುಕೊಟ್ಟಿರುತ್ತಾನೆ, ಗರಗಸ ಗುಜರಿ ಸೇರಿರುತ್ತದೆ, ನಿಧಿ ನಡೆಸುವವರು ಮಾತ್ರ ಇನ್ನೂ ಅದೇ ಗಂಟಿಗೆ ಲೆಕ್ಕ ಒಪ್ಪಿಸುತ್ತಲೇ ಇರಬೇಕು. ಕೊನೆಗೆ 2020ರ ಅಕ್ಟೋಬರಿನಲ್ಲಿ ಒಂದು ಕಾನೂನು ಬಂತು. ಹಣ ಪೂರ್ತಿ ಕೈಗೆ ಬಂದು 7 ವರ್ಷ ಆಗಿದ್ದು, ನಿಧಿ ಸರಿಯಾಗಿ ನಡೆದಿದ್ದರೆ, ಕೇಂದ್ರದ ಹಿಡಿತದಿಂದ ಬಿಡುಗಡೆ ಕೇಳಬಹುದು.

ಹೇಗೆ ಕೇಳೋದು ಅಂತೀರಾ? ಅರ್ಜಿ ಹಾಕಬೇಕು. ಬ್ಯಾಂಕಿನವರು ಇಲ್ಲ ಅಂದ ಪತ್ರವನ್ನಂತೂ ಕೇಳಲ್ಲ.